ಬಾಪೂಸಾಹೇಬನಿಗೆ ಬೇಕಾದ ಶಬ್ದಾರ್ಥ

"ಹಲೋ... ಹಲೋ? ಯಾರ್ರಿ ಮಾತಾಡೂದು?... ಗ್ಯಾಸಿನವ್ರೇನ್ರಿ? ಸಿಲಿಂಡರ್ ನಿನ್ನೇನ ಬಂತ್ರಿ... ಅಲ್ಲಾ? ಮತ್ತ ಯಾರ್ರಿ? ಜೋರಾಗಿ ಹೇಳ್ರಿ, ಕೆಳಗ ನೇಯೂ ಮಾಗ ನಡದಾವು, ಏನೂ ಕೇಳ್ಸೂದಿಲ್ಲ."

"...ಕುಣಾಲನ ಫೋನೇನು ಇದು?... ಕುಣಾಲನ ಫೋನಿನಾಗ ಯಾರು ಮಾತಾಡೂದು ಅಂತ ಕೇಳಾಕತ್ತೇನಿ... ಹಾಂ?... ಓಹೋ. ಬಾಪೂಸಾಹೇಬರು!"

ನೂತನಬಾಯಿ ಒಡಹುಟ್ಟಿದ ಅಣ್ಣನಿಗೆ ಬಹುವಚನ ಹಚ್ಚಿದರೆಂದರೆ ಅದು ಮರ್ಯಾದೆಗೆ ಅಲ್ಲ. ಇಚಲಕರಂಜಿಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಸಂಸ್ಕೃತ ಕಲಿಸಿ ನಿವೃತ್ತರಾದ ಅವರಿಗೆ ಯಾವ ಪ್ರತ್ಯಯದಿಂದ ಯಾರಿಗೆ ಎಷ್ಟು ಪೆಟ್ಟು ಬೀಳುತ್ತದೆಂಬುದು ಚೆನ್ನಾಗಿ ಗೊತ್ತಿತ್ತು. ಅಣ್ಣನ ನಂಬರು ಕಂಡರೆ ಅವರು ಫೋನು ಎತ್ತುವುದನ್ನು ಬಿಟ್ಟು ಮೂರು ವರ್ಷವಾಗಿತ್ತು. ಅದಕ್ಕೇ ಅವನು ಮಗನ ಫೋನಿನಿಂದ ಮಾಡಿದ್ದ. ಇಷ್ಟು ಬುದ್ಧಿ ಅವನಿಗೆ ಯಾವಾಗಲೂ ಇತ್ತು, ಬೇರೆಯದಕ್ಕೆ ಮಾತ್ರ ಇರಲಿಲ್ಲ.

"...ಹೇಳು. ಯಾರರೇ ಹ್ವಾದ್ರೇನು?... ಇಲ್ಲಾ? ವೈನಿ ಆರಾಮ ಅದಾಳ?... ಕುಣಾಲ?... ಎಲ್ಲಾರೂ ಆರಾಮ ಅದಾರ. ಮತ್ತ ಫೋನು ಯಾಕ?"

"...ಏನು? ಹೊಳ್ಳಿ ಹೇಳು... ಒಂದು ಶಬ್ದದ ಅರ್ಥ ಬೇಕು? ನಿನಗ?... ಯಾವ ಶಬ್ದ?"

"...ಜುಗುಪ್ಸೆ."

ನೂತನಬಾಯಿ ಕಿಟಕಿಯ ಬಳಿಯ ಕುರ್ಚಿಯ ಮೇಲೆ ಕುಳಿತರು. ನಿಂತು ಕೇಳುವಂಥ ಸಂಗತಿಯಲ್ಲ ಇದು. ಜಗತ್ತಿನಲ್ಲಿ ಇರುವ ಇಷ್ಟೊಂದು ಶಬ್ದಗಳಲ್ಲಿ ದಾನೋಳಿಯ ಬಾಪೂಸಾಹೇಬನಿಗೆ ಅರ್ಥ ತಿಳಿಯದೆ ಉಳಿದದ್ದು ಇದೊಂದೇ ಆಯಿತೇ ಎಂದು ಅವರಿಗೆ ನಗು ತಡೆಯಲಿಲ್ಲ.

"...ಇಲ್ಲಪಾ, ನಗಾಕತ್ತಿಲ್ಲ. ಕೆಮ್ಮು. ಹತ್ತಿ ಧೂಳು... ಯಾತಕ್ಕ ಬೇಕು?... ಸಂಜೀಕ ಸಭಾದಾಗ ನೀ ಭಾಷಣ ಮಾಡಾವ? ಜುಗುಪ್ಸೆ ಮ್ಯಾಲ?... ಹಾಂ, ಮಹಾರಾಜರು ದಿನಾ ಒಂದೊಂದು ವಿಕಾರದ ಮ್ಯಾಲ ಪ್ರವಚನ ಹೇಳಾಕತ್ತಾರ, ಅದಕ್ಕ ಮೊದಲು ಕಮಿಟಿ ಅಧ್ಯಕ್ಷರು ಐದು ಮಿಂಟು ಮಾತಾಡಬೇಕು. ಬರೋಬ್ಬರಿ ಆತು. ಅಧ್ಯಕ್ಷರಿಗೆ ಒಪ್ಪೂ ವಿಷಯ ಸಿಕ್ಕೈತಿ."

ತವರೂರು ದಾನೋಳಿಯ ಜೈನ ಬಸ್ತಿಯಲ್ಲಿ ಈ ಸಲ ಮುನಿಮಹಾರಾಜರ ಚಾತುರ್ಮಾಸ. ಊರಿನ ಜೈನರೆಲ್ಲ ಒಂದು ತಿಂಗಳಿನಿಂದ ಬಿಳಿ ಬಟ್ಟೆಯಲ್ಲಿ ತಿರುಗುತ್ತಿದ್ದಾರೆ. ಮುನಿಗಳಿಗೆ ಆಹಾರ ಕೊಡಲು ಮನೆಮನೆಯಲ್ಲಿ ಚೌಕಾ ಹಾಕಿದ್ದಾರೆ. ಅಂದರೆ ಮಡಿಯ ಅಡಿಗೆಮನೆ, ಬಾವಿಯ ನೀರು, ಕೈಯಿಂದ ಬೀಸಿದ ಹಿಟ್ಟು. ಇದೆಲ್ಲ ಇಚಲಕರಂಜಿಯಲ್ಲಿ ಕುಳಿತ ನೂತನಬಾಯಿಗೆ ಗೊತ್ತಿತ್ತು. ಯಾರೂ ಹೇಳಿ ಕಳಿಸಿರಲಿಲ್ಲ. ಅವರೇ ಆಗಾಗ ಅವರಿವರನ್ನು ಕೇಳಿ ತಿಳಿದುಕೊಳ್ಳುತ್ತಿದ್ದರು.

"...ಬರಕೋ ಮತ್ತ. ಪೆನ್ನು ಐತಿಲ್ಲೋ?... ಮೊದಲು ನೀ ಹೇಳು, ನಿನಗೇನು ಅನಸ್ತೈತಿ?... ನಫರತ್? ಅಯ್ಯ, ಅಲ್ಲ. ಅದು ಬ್ಯಾರೆ. ನಾ ಗಡಹಿಂಗ್ಲಜದ ಸಾಳ್ಯಾಗ ಇದ್ದಾಗ ಉರ್ದು ಕಲಿಸೂ ಸರ್ ಒಬ್ಬರು ಹೇಳತಿದ್ರು, ನಫರತ್ ಅನ್ನೂದರ ಬೇರಿನಾಗ ಬೆದರಿ ಓಡೂ ಅರ್ಥ ಐತೆಂತ. ಕುದರಿ ಬೆದರಿ ಹಗ್ಗ ಹರಕೊಂಡು ಓಡ್ತೈತಲ್ಲ, ಹಂಗ... ನೀ ಓಡೂ ಪೈಕಿ ಅಲ್ಲ. ನೀ ನಿಂತಲ್ಲೇ ನಿಂತು ಮಂದೀನ ಓಡಿಸಾವ."

"...ತಿಟಕಾರಾ? ಮರಾಠಿಯೊಳಗ ಅನ್ನಬಹುದು. ಆದ್ರ ತಿಟಕಾರಾ ದೂರ ಕುಂತು ಮಾಡಾಕ ಬರತೈತಿ. ಮದುವಿ ಊಟದಾಗ ತುಪ್ಪ ಕಡಿಮಿ ಬಡಿಸಿದ್ರಂತ ಅಪ್ಪಾಗ ಕುರುಂದವಾಡದ ಬೀಗರ ಮ್ಯಾಲ ಇಪ್ಪತ್ತು ವರ್ಷ ತಿಟಕಾರಾ ಇತ್ತಲ್ಲ, ಅದು ಹಂತಾದ್ದು. ಮಾರಿ ನೋಡದನೂ ಇರತೈತಿ. ಜುಗುಪ್ಸೆಗೆ ಹತ್ತರ ಬೇಕು. ಮುಟ್ಟೂ ಹೊತ್ತು ಬರಬೇಕು. ನಮ್ಮ ಭಾಷಾದಾಗ ಹೇಸಿಕಿ ಅಂತೀವಲ್ಲ, ಅದು. ಕೈ ಹಿಂದಕ್ಕ ತನ್ನಿಂದ ತಾನಽ ಹೋಗತೈತಿ ನೋಡು. ಗೊತ್ತೈತಲ್ಲ ನಿನಗ?... ಗೊತ್ತಿಲ್ಲಾ? ಆಗಲಿ."

ಅವರು ಹೇಳುತ್ತ ಹೇಳುತ್ತ ತಮ್ಮ ಕೈಯನ್ನೇ ನೋಡಿಕೊಂಡರು. ಎರಡೂ ಕೈಗೆ ಮೊಳಕೈವರೆಗೆ ಬಿಳಿ ಕಲೆ, ತುಟಿಯ ಅಂಚಿಗೆ ಒಂದಿಷ್ಟು. ತೊನ್ನು. ಹತ್ತೊಂಬತ್ತನೇ ವಯಸ್ಸಿನಲ್ಲಿ ಬೆರಳ ತುದಿಯಲ್ಲಿ ಶುರುವಾಗಿದ್ದು. ಇದು ಅಂಟುವ ರೋಗವಲ್ಲ, ಯಾರಿಗೂ ಏನೂ ಆಗುವುದಿಲ್ಲ ಎಂದು ಕೊಲ್ಹಾಪುರದ ಡಾಕ್ಟರು ಆಗಲೇ ಬಿಡಿಸಿ ಹೇಳಿದ್ದರು. ನಲವತ್ತೊಂದು ವರ್ಷವಾದರೂ ಆ ಮಾತಿಗೆ ದಾನೋಳಿಗೆ ಹೋಗುವ ಬಸ್ಸು ಸಿಕ್ಕಿಲ್ಲ.

"...ಮೂಲ? ಮೂಲಾನೂ ಬೇಕಾ? ಅಧ್ಯಕ್ಷರು ಅಂದ ಮ್ಯಾಲ ಮೂಲ ಬೇಕಽ ಬೇಕು. ಬರಕೋ. ಗುಪ್ ಅಂತ ಸಂಸ್ಕೃತದಾಗ ಒಂದು ಧಾತು. ಅದರ ಅರ್ಥ ಕಾಯೂದು, ಮುಚ್ಚಿಡೂದು. ಗುಪ್ತ ಅಂತೀವಲ್ಲ, ಅದಽ... ಹಾಂ. ಅದರಿಂದ ಜುಗುಪ್ಸೆ. ತನ್ನನ್ನ ಕಾಯ್ಕೋಬೇಕು, ತನಗ ಹತ್ತಬಾರದು ಅನ್ನೂ ಆಸೆ. ಅಷ್ಟಽ ಅದು. ಎದುರಿಗಿದ್ದವರ ಮೈಯಾಗ ಏನೂ ಇರೂದಿಲ್ಲ ಅದರಾಗ, ಎಲ್ಲಾ ತನ್ನ ಮೈ ಕಾಯ್ಕೊಳ್ಳೂದು... ಬರಕೊಂಡ್ಯಾ?"

"...ಇನ್ನೂ ಹಿಂದಕ್ಕ ಹೋದ್ರ ಮಜಾ ಐತಿ. ಈ ಗುಪ್ ಅನ್ನೂದು ಗೋಪ ಅನ್ನೂ ಶಬ್ದದಿಂದ ಬಂತು ಅಂತಾರ ವಿದ್ವಾಂಸರು. ಗೋಪ ಅಂದ್ರ ದನ ಕಾಯಾವ. ದನ ಕಾಯೂದರಿಂದ ಕಾಯೂದು, ಕಾಯೂದರಿಂದ ಮುಚ್ಚಿಡೂದು, ಮುಚ್ಚಿಡೂದರಿಂದ ಹೇಸಿಕಿ. ಅಂದ್ರ ಜುಗುಪ್ಸೆ ಹುಟ್ಟಿದ್ದು ದನದ ಕೊಟಗ್ಯಾಗ. ಕೇಳ್ತ್ಯಾ? ದನದ ಕೊಟಗಿ. ನಿನಗೇನರೇ ನೆನಪಾಗತೈತೇನು?"

...

ಅಷ್ಟರಲ್ಲಿ ಕರೆಂಟು ಹೋಯಿತು. ಕೆಳಗಿನ ಮನೆಯ ಎಂಟು ಮಾಗಗಳೂ ಒಮ್ಮೆಗೇ ನಿಂತವು. ಇಡೀ ಗಲ್ಲಿ ಸುಮ್ಮನಾಯಿತು. ಗದ್ದಲದ ಮೇಲೆ ಕೂಗಿ ಕೂಗಿ ಮಾತಾಡುವ ರೂಢಿಯ ನೂತನಬಾಯಿಗೆ ದನಿ ಇಳಿಸಬೇಕೆಂಬುದು ಹೊಳೆಯಲಿಲ್ಲ. ಹೊಳೆದಿದ್ದರೂ ಇಳಿಸುತ್ತಿರಲಿಲ್ಲ ಅನ್ನಿ. ಎದುರುಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಕ್ಲಿಪ್ಪನ್ನು ಬಾಯಲ್ಲಿ ಕಚ್ಚಿಕೊಂಡೇ ನಿಂತಳು.

"...ಹಳೇದಽ ಅಂತೀಯಾ? ಬಿಟ್ಟುಬಿಡು ಅಂತೀಯಾ? ಯಾಕ ಬಿಡಬೇಕು? ಶಬ್ದದ ಮೂಲ ಕೇಳಿದಾವ ನೀನು. ಮೂಲ ಅಂದ್ರ ಹಳೇದಽ ಇರತೈತಿ. ಮೂವತ್ತೊಂದು ವರ್ಷದ ಹಿಂದ ನಿಮ್ಮ ಇದಽ ಮನಿಗೆ ಮಹಾರಾಜರು ಆಹಾರಕ್ಕ ಬರ್ತಾರಂತ ನಾನು ಇಲ್ಲಿಂದ ಓಡಿ ಬಂದಿದ್ನಿ. ಮುಂಜಾನೆ ಮೂರಕ್ಕ ಎದ್ದು, ತಣ್ಣೀರು ಹೊಯ್ಕೊಂಡು, ಬೀಸುಕಲ್ಲಿಗೆ ಕುಂತ್ನಿ. ಹೊತ್ತು ಹುಟ್ಟೂದರಾಗ ಎರಡು ಸೇರು ಗೋಧಿ ಬೀಸಿದ್ನಿ. ಕೈಯಾಗ ಬೊಬ್ಬಿ ಬಂದಿದ್ವು. ಆ ಹಿಟ್ಟು ಏನಾತು ಅಣ್ಣಾ?... ನಿನಗ ನೆನಪಿಲ್ಲ. ನಾ ಹೇಳ್ತೀನಿ. ಆಕಳ ಮುಂದ ಇಟ್ರಿ."

"...ವೈನಿ ಅಂದ್ಲೋ ನೀ ಅಂದ್ಯೋ, ಯಾರು ಮೊದಲು ಅಂದ್ರು ಅನ್ನೂದು ನನಗ ಬ್ಯಾಡ. 'ಮೈಮ್ಯಾಲ ಕಲಿ ಇದ್ದವರು ಚೌಕಾದಾಗ ನಡ್ಯೂದಿಲ್ಲ' ಅಂತ. ಮಹಾರಾಜರನ್ನ ಕೇಳಿದ್ರ್ಯಾ? ಬಸ್ತಿಗೆ ಹೋಗಿ ಒಬ್ಬರನ್ನರೇ ಕೇಳಿದ್ರ್ಯಾ?... ಕೇಳಿರ್ಲಿಲ್ಲ. ಕೇಳಿದ್ರ ನಡೀತೈತಿ ಅಂದುಬಿಟ್ರ ಅಂತ ಹೆದರಿಕಿ. ನನ್ನ ಕೊಟಗ್ಯಾಗ ಕರಕೊಂಡು ಹೋಗಿ, 'ಒಂದು ತಾಸು ಇಲ್ಲೇ ಇರು ನೂತನ' ಅಂತ ಹೇಳಿ ಹೊರಗಿಂದ ಚಿಲಕ ಹಾಕಿದಾವ ನೀನು. ಮತ್ತ ಚಿಲಕ ಮುಟ್ಟಿದ ಕೈ ತೊಳಕೊಂಡಿ. ನಾ ಕಿಟಕ್ಯಾಗಿಂದ ನೋಡಿದ್ನಿ. ಚಿಲಕ ಮುಟ್ಟಿದ್ದಕ್ಕ!"

ಆ ಕಿಟಕಿಯ ಸರಳುಗಳ ನಡುವಿನಿಂದ ಅವರಿಗೆ ಕಂಡದ್ದು ಇಷ್ಟೇ: ಅಂಗಳದಲ್ಲಿ ನಿಂತ ಮುನಿಗಳ ಬೆನ್ನು, ಮುಂದೆ ಒಡ್ಡಿದ ಬೊಗಸೆ, ಅದರೊಳಗೆ ಒಬ್ಬೊಬ್ಬರೇ ಇಡುತ್ತಿದ್ದ ತುತ್ತು. ಮನೆಯ ಆಳಿನ ಹೆಂಡತಿಯ ತನಕ ಎಲ್ಲರೂ ಸ್ನಾನ ಮಾಡಿ ಬಂದು ಒಂದೊಂದು ತುತ್ತು ಇಟ್ಟರು. ನೂತನಬಾಯಿ ಆವತ್ತಿನಿಂದ ಒಂದೇ ಆಸೆ ಇಟ್ಟುಕೊಂಡು ಬದುಕಿದ್ದರು. ಸಾಯುವುದರೊಳಗೆ ಈ ಕೈಯಿಂದ ಒಂದು ತುತ್ತು ಮುನಿಗಳ ಬೊಗಸೆಯಲ್ಲಿ ಇಡಬೇಕು. ಅದು ಆಗಿರಲಿಲ್ಲ. ಒಡಹುಟ್ಟಿದವನೇ ಚಿಲಕ ಹಾಕಿದ ಸುದ್ದಿ ಕೊಲ್ಹಾಪುರ ಜಿಲ್ಲೆಯ ನೆಂಟರ ಮನೆಗಳಿಗೆಲ್ಲ ಹಬ್ಬಿದ ಮೇಲೆ ಬೇರೆಯವರು ಯಾಕೆ ಕರೆಯುತ್ತಾರೆ? ಎಲ್ಲೇ ಚೌಕಾ ಇದ್ದರೂ ನೂತನಬಾಯಿ ಹೋಗಿ ದೂರದಲ್ಲಿ, ಚಪ್ಪಲಿ ಬಿಡುವ ಜಾಗದಲ್ಲಿ ನಿಂತು, ಕೈಮುಗಿದು ಬರುತ್ತಿದ್ದರು.

"...ಹಾಂ, ಹೇಳು. ಭಾಷಣಕ್ಕ ಇಷ್ಟು ಸಾಕಾತು? ಹಂಗಾರ ಇಡ್ಲ್ಯಾ ಫೋನು?... ಮತ್ತೇನು?... ಮತ್ತೊಂದು ಐತಿ ಅಂದ್ರ ಹೇಳು, ನುಂಗಬ್ಯಾಡ."

"...ಐದು ದಿನಾ ಆತು? ಐದು ದಿನದಿಂದ ನಿನ್ನ ಬಾಗಲಕ್ಕ ಬಂದು ಹಂಗಽ ಹೋಗಾಕತ್ತಾರ ಮಹಾರಾಜರು?... ಒಂದು ಗಳಿಗಿ ನಿಂದರ್ತಾರ, ನೋಡ್ತಾರ, ಮುಂದ ಹೋಗ್ತಾರ. ಅರೇ ದೇವಾ! ಮತ್ತ ಊಟ?... ಮಗ್ಗಲ ಮನಿ ಕೇದಾರಿ ಅವರಲ್ಲಿ ಆತು? ಅಧ್ಯಕ್ಷರನ್ನ ಬಿಟ್ಟು ಹಂಚಿನ ಮನಿ ಕೇದಾರಿ ಅವರಲ್ಲಿ!"

ಇಲ್ಲಿ ಒಂದು ಮಾತು ಹೇಳಬೇಕು. ದಿಗಂಬರ ಮುನಿಗಳು ದಿನಕ್ಕೆ ಒಂದೇ ಹೊತ್ತು, ನಿಂತುಕೊಂಡು, ಬೊಗಸೆಯಲ್ಲೇ ಊಟ ಮಾಡುವವರು. ಬಸ್ತಿಯಿಂದ ಹೊರಡುವ ಮೊದಲು ಮನಸ್ಸಿನಲ್ಲೇ ಒಂದು ವಿಧಿ ಇಟ್ಟುಕೊಳ್ಳುತ್ತಾರೆ. ಇಂಥ ವಸ್ತು ಹಿಡಿದವರು, ಅಥವಾ ಇಂಥವರು, ಬಾಗಿಲಲ್ಲಿ ಕಂಡರೆ ಮಾತ್ರ ಆ ಮನೆಯ ಒಳಗೆ ಹೋಗುವುದು, ಇಲ್ಲದಿದ್ದರೆ ಮುಂದಕ್ಕೆ ನಡೆಯುವುದು. ಆ ವಿಧಿ ಏನೆಂದು ಯಾರಿಗೂ ಹೇಳುವುದಿಲ್ಲ. ಹಾಗಾಗಿ ಚೌಕಾ ಹಾಕಿದ ಮನೆಯವರು ದಿನಾ ಒಂದೊಂದು ಊಹೆ ಮಾಡಿ, ಒಂದೊಂದು ವೇಷದಲ್ಲಿ, ಒಂದೊಂದು ವಸ್ತು ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. ಊರಿಗೆ ಊರೇ ನಾಳೆ ಯಾರ ಊಹೆ ಫಲಿಸುತ್ತದೆ ಎಂದು ಮಾತಾಡಿಕೊಳ್ಳುತ್ತದೆ. ಅಧ್ಯಕ್ಷರ ಬಾಗಿಲಿನಿಂದ ಮುನಿಗಳು ಐದು ದಿನ ಹಾಗೇ ಮುಂದೆ ಹೋದರೆಂದರೆ ಊರಿನ ಬಾಯಿ ಎಷ್ಟು ಅಗಲವಾಗಿರಬಹುದೆಂದು ನೂತನಬಾಯಿ ಲೆಕ್ಕ ಹಾಕಿ ಸುಖಪಟ್ಟರು.

"...ಏನೇನು ಹಿಡದು ನಿಂತ್ರಿ?... ತೆಂಗಿನಕಾಯಿ. ಅದನ್ನ ಎಲ್ಲಾರೂ ಹಿಡೀತಾರ... ಕಬ್ಬಿನ ಜಲ್ಲಿ? ಆಮ್ಯಾಲ?... ಎರಡು ಕಲಶ ಹಿಡದು ನೀನು, ಮೂರು ಹಿಡದು ವೈನಿ!... ಹಿರೇ ಮಗ ಅತುಲ ಮತ್ತ ಅವನ ಹೇಣ್ತೀನ ಕೊಲ್ಹಾಪುರದಿಂದ ಕರಿಸಿ ಮದುವಿ ಬಾಸಿಂಗ ಕಟ್ಟಿ ನಿಂದ್ರಿಸಿದಿ? ಆ ಮಕ್ಕಳು ಒಪ್ಪಿದ್ರೇನು? ಅವಕ್ಕ ಎರಡು ಕೂಸು ಅದಾವಲ್ಲೋ!... ಹಾಂ ಹಾಂ. ನಗೂದಿಲ್ಲ. ಮುಂದ ಹೇಳು."

"...ಊರ ಹಿರೇರು ಜಿನಗೊಂಡ ಕಾಕಾ ಏನಂದ್ರು?... ಹೊಳ್ಳಿ ಹೇಳು."

"...ಹಾಂ."

"...ಮಹಾರಾಜರು ಮೊನ್ನೆ ಪ್ರವಚನದಾಗ ಏನು ಹೇಳಿದ್ರು, ಅದನ್ನ ಸರಿಯಾಗಿ ಹೇಳು. ಒಂದೂ ಬಿಡಬ್ಯಾಡ... 'ಮನ್ಯಾಗ ಯಾರನ್ನ ಕಂಡ್ರ ನಿಮಗ ಹೇಸಿಕಿ ಬರತೈತ್ಯೋ ಅವರನ್ನ ಮೊದಲು ಮಗ್ಗಲಕ್ಕ ನಿಂದ್ರಿಸ್ಕೋರಿ'... ಹಾಂ. ಅದನ್ನ ಕೇಳಿ ಜಿನಗೊಂಡ ಕಾಕಾಗ ಹೊಳೀತು, ಇದಽ ವಿಧಿ ಇರಬೇಕು ಅಂತ. ಕಾಕಾಗ ಹೊಳೀತು, ನಿನಗಲ್ಲ. ಮತ್ತ ನಿನಗ ನಾ ನೆನಪಾದ್ನಿ."

ಕಬ್ಬಿನ ಜಲ್ಲಿ ಆಯಿತು, ಮೂರು ಕಲಶ ಆಯಿತು, ಬಾಸಿಂಗ ಆಯಿತು. ಆರನೆಯ ದಿನಕ್ಕೆ ತೊನ್ನಿನ ತಂಗಿ. ನೂತನಬಾಯಿಗೆ ಅಣ್ಣನ ಮೇಲೆ ಎಷ್ಟೋ ಸಲ ಸಿಟ್ಟು ಬಂದಿತ್ತು, ದುಃಖ ಬಂದಿತ್ತು. ಈಗ ಬಂದದ್ದು ಅವೆರಡೂ ಅಲ್ಲ. ಇವನು ಇಷ್ಟು ಸಣ್ಣವನೇ, ಇಂಥ ಸಣ್ಣವನ ಕೈಯಿಂದ ಒಂದು ಚಿಲಕ ಹಾಕಿಸಿಕೊಂಡು ನಾನು ಇಷ್ಟು ವರ್ಷ ಅತ್ತೆನೇ ಎಂಬ ತಿರಸ್ಕಾರ.

"...ನಾಳಿ ಮುಂಜಾನೆ ನಿನ್ನ ಮಗ್ಗಲಕ್ಕ ನಾ ನಿಂದರಬೇಕು. ಮಡಿ ಸೀರಿ ಉಟ್ಟು, ಕಲಶ ಹಿಡದು. ಅಷ್ಟಽ ಅಲ್ಲೇನು?... ಮತ್ತ ಶಬ್ದದ ಅರ್ಥ ಅಂತ ಯಾಕ ಶುರು ಮಾಡಿದಿ? ನೆಟ್ಟಗ ಹೇಳಾಕ ಬಾಯಿಲ್ಲೇನು?... ಅದೂ ಬೇಕು, ಇದೂ ಬೇಕು. ಒಂದಽ ಫೋನಿನಾಗ ಎರಡೂ ಕೆಲಸ. ಶಹಾಣ್ಯಾ!"

"...ಅಣ್ಣಾ, ಅಲ್ಲಿ ಮತ್ಯಾರೋ ಕೆಮ್ಮಿದ್ರು. ಫೋನು ಸ್ಪೀಕರ ಮ್ಯಾಲ ಇಟ್ಟೀಯೇನು?... ಜಿನಗೊಂಡ ಕಾಕಾನ? ನಮಸ್ಕಾರ್ರಿ ಕಾಕಾ. ನೂತನ ಮಾತಾಡೂದ್ರಿ. ಆರಾಮ ಅದೀನ್ರಿ. ವೈನಿನೂ ಅದಾಳ? ಭಾಳ ಚಲೋ ಆತು. ಎಲ್ಲಾರೂ ಕೇಳ್ರಿ. ಕೊಟಗಿ ಕಥಿ ಕಾಕಾಗ ಪೂರಾ ಗೊತ್ತಿರ್ಲಿಲ್ಲ ಅನಸ್ತೈತಿ, ಈಗ ಗೊತ್ತಾತು."

"...ಇರ್ರಿ ಕಾಕಾ, ಒಂದು ಮಾತು ಕೇಳ್ತೀನಿ. ಜುಗುಪ್ಸೆಗೆ ನಮ್ಮ ಹಿರೇರು ಏನು ಅರ್ಥ ಹೇಳ್ಯಾರ? ತನ್ನ ದೋಷ ಮುಚ್ಕೊಂಡು ಮಂದೀದನ್ನ ತೆರದು ತೋರಿಸೂದು, ಹೌದಿಲ್ಲೋ?... ಹೌದ್ರಿ. ನೋಡ್ರಿ ಮತ್ತ. ಇಷ್ಟು ದಿನಾ ತನ್ನ ಮನಿ ದೋಷ ಅಂತ ಇಂವ ನನ್ನ ಕಲಿ ಮುಚ್ಚಿಟ್ಟ. ನಾಳಿ ತೆರದು ತೋರಿಸ್ತಾನಂತ. ಎರಡಕ್ಕೂ ಶಬ್ದ ಒಂದಽ."

...

ಆ ಕಡೆ ಜಿನಗೊಂಡ ಕಾಕಾ ಏನೋ ನಿಧಾನವಾಗಿ ಹೇಳುತ್ತಿದ್ದರು. ಎಂಬತ್ತು ದಾಟಿದ ದನಿ, ನಡುಗುತ್ತಿತ್ತು. ಅವರು ಹೇಳಿದ್ದು ನೂತನಬಾಯಿಯ ಕಿವಿಗೆ ನೆಟ್ಟಗೆ ಬಿತ್ತು: ನಾಳೆ ನಿನ್ನನ್ನು ನೋಡಿ ಮಹಾರಾಜರು ನಿಂತರೆ ಮೊದಲ ತುತ್ತು ನೀನೇ ಇಡಬೇಕಾಗುತ್ತದೆ ತಾಯಿ, ಬಾಪೂಸಾಹೇಬನ ಚೌಕಾದಲ್ಲಿ ನೀನು ತುತ್ತು ಇಟ್ಟ ಮೇಲೆ ಯಾವ ಊರಿನವರೂ ನಿನಗೆ ಇಲ್ಲ ಅನ್ನುವುದಿಲ್ಲ.

ಅದು ನಿಜವಾಗಿತ್ತು. ಚಿಲಕ ಹಾಕಿದ ಕೈಯೇ ತೆಗೆಯಬೇಕಾಗಿತ್ತು. ನೂತನಬಾಯಿ ಕಣ್ಣು ಮುಚ್ಚಿದರು. ಮುನಿಗಳ ಬೊಗಸೆ ಈಗ ಬೆನ್ನ ಹಿಂದಿನಿಂದ ಅಲ್ಲ, ಎದುರಿನಿಂದ ಕಂಡಿತು. ಬೇಕು ಅನ್ನಿಸಿತು. ನಾಚಿಕೆ ಬಿಟ್ಟು ಬೇಕು ಅನ್ನಿಸಿತು. ಇವನು ಎಷ್ಟು ಸಣ್ಣವನಾದರೇನು, ತುತ್ತು ಇಡುವುದು ಮುನಿಗಳ ಬೊಗಸೆಯಲ್ಲಿ, ಇವನ ಕೈಯಲ್ಲಿ ಅಲ್ಲವಲ್ಲ.

"...ಅದೀನಿ, ಅದೀನಿ. ಫೋನು ಇಟ್ಟಿಲ್ಲ. ವಿಚಾರ ಮಾಡಾಕತ್ತೇನಿ."

"...ಕಾಕಾ, ನಿಮ್ಮ ಮಾತಿಗೆ ಬರ್ತೀನ್ರಿ. ಆದ್ರ ಅಣ್ಣನ ಕಡೆ ನಂದೊಂದು ಮಾತೈತಿ. ಅಣ್ಣಾ, ಕೇಳಾಕತ್ತೀಯಾ?... ಕ್ಷಮಾ ಕೇಳಬ್ಯಾಡ, ನನಗ ಬ್ಯಾಡ ಅದು. ಕಾಲಿಗೆ ಬೀಳಬ್ಯಾಡ. ಈಗ ನಾಕೂವರಿ ಆಗೈತಿ. ಹೊತ್ತು ಮುಳಗಿದ ಮ್ಯಾಲ ನಾವು ಉಣ್ಣಾಂಗಿಲ್ಲ, ಆದ್ರ ಮುಳಗಾಕ ಇನ್ನೂ ಎರಡು ತಾಸಿನ ಮ್ಯಾಲ ಐತಿ. ಕುಣಾಲನ ಗಾಡಿ ತಗೊಂಡು ಈಗಽ ಹೊಂಡು. ಮುಕ್ಕಾಲು ತಾಸಿನ ಹಾದಿ. ನಮ್ಮ ಮನಿಯವರೂ ಕೊರೋಚಿಗೆ ನೂಲು ತರಾಕ ಹೋಗ್ಯಾರ, ಅಷ್ಟೊತ್ತಿಗೆ ಬರ್ತಾರ. ನಾ ರೊಟ್ಟಿ ಬಡೀತೀನಿ. ಹೀರಿಕಾಯಿ ಪಲ್ಯ ಮಾಡ್ತೀನಿ. ಇವರ ಜೋಡಿ ಕುಂತು ನೀ ಊಟ ಮಾಡು... ಪೂರಾ ಊಟ ಬ್ಯಾಡ. ಒಂದು ತುತ್ತು. ನನ್ನ ಕೈಯಾಗಿಂದ ಒಂದಽ ತುತ್ತು. ಉಂಡು ನನ್ನ ಕರಕೊಂಡು ಹೋಗು. ಭಾಷಣಕ್ಕೂ ಹೊತ್ತಾಗೂದಿಲ್ಲ. ನಾಳಿ ಮುಂಜಾನೆ ನೀ ಹೇಳಿದಲ್ಲಿ ನಿಂದರ್ತೀನಿ."

ಈ ಮಾತು ತಮ್ಮ ಬಾಯಿಂದ ಹೇಗೆ ಬಂತೆಂದು ಅವರಿಗೇ ಆಶ್ಚರ್ಯ. ಮೂವತ್ತನಾಲ್ಕು ವರ್ಷದಿಂದ ಗಂಡ ಕುಂಥುನಾಥರು ಇದೇ ಕೈಯ ರೊಟ್ಟಿ ಉಂಡು ಹೊಟ್ಟೆ ಬೆಳೆಸಿದ್ದಾರೆ. ಶಾಲೆಯ ಮಾಸ್ತರಣಿಯರು ಡಬ್ಬಿ ಕಸಿದುಕೊಂಡು ತಿಂದಿದ್ದಾರೆ. ಅಣ್ಣ ಮಾತ್ರ ಈ ಮನೆಯಲ್ಲಿ ಕುಳಿತು ಊಟ ಮಾಡಿಲ್ಲ. ಬಂದಾಗಲೆಲ್ಲ ಅವನಿಗೆ ಎಲ್ಲೋ ಉಂಡು ಬಂದದ್ದೇ ಆಗಿರುತ್ತಿತ್ತು.

"...ಏನು? ಬರ್ತೀಯಾ?... ಖರೇನ?... ನಾ ನಿನ್ನ ಕಾಡೂದಿಲ್ಲ ಅಣ್ಣಾ, ಕೊಟಗಿ ಸುದ್ದಿನೂ ತಗ್ಯೂದಿಲ್ಲ. ಬಾ. ಸಾವಕಾಶ ಬಾ, ಹಾತಕಣಂಗಲೆ ಹಾದ್ಯಾಗ ಟ್ರ್ಯಾಕ್ಟರ ಭಾಳ ಇರ್ತಾವು."

ನೂತನಬಾಯಿ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಅಡಿಗೆಮನೆಗೆ ನಡೆದರು. ಹಿಟ್ಟಿನ ಡಬ್ಬಿ ಇಳಿಸಿ ಮುಚ್ಚಳ ತೆಗೆದರು. ಅರುವತ್ತರ ಹೆಂಗಸಿನ ಕಾಲಿಗೆ ಇಂಥ ಚುರುಕು ಎಲ್ಲಿಂದ ಬಂತೋ. ಪರಾತದಲ್ಲಿ ಹಿಟ್ಟು ಸುರಿದು, ಎಸರಿಗೆ ನೀರು ಇಟ್ಟು, ಒಲೆ ಹಚ್ಚಿದರು.

"...ಹಾಂ? ಏನಂದಿ? ಎಸರು ಇಡಾಕತ್ತಿದ್ನಿ, ಕೇಳ್ಸಲಿಲ್ಲ... ನಿಯಮ? ಯಾವ ನಿಯಮ?... ಉಪಾಸ ಇರಾಕ ಇವತ್ತ ಅಷ್ಟಮೀನೂ ಅಲ್ಲ, ಚತುರ್ದಶೀನೂ ಅಲ್ಲ... ನೀನಽ ತಗೊಂಡೀದಿ. ಚಾತುರ್ಮಾಸ ಮುಗಿಯೂ ತನಕ ಹೊರಗಿಂದು ಉಣ್ಣೂದಿಲ್ಲ ಅಂತ... ಹಾಂ. ಯಾವಾಗ ತಗೊಂಡಿ ಈ ನಿಯಮ, ಈಗೇನು?"

"...ಹಣ್ಣು ನಡೀತೈತಿ. ಹಾಂ... ಬಾಳಿಹಣ್ಣು. ಮನ್ಯಾಗ ಅದಾವು. ಎರಡಽ ಸಾಕಾ?"

"...ಅಣ್ಣಾ, ಒಂದು ಕೇಳ್ತೀನಿ. ಬಾಳಿಹಣ್ಣು ನಾ ಸುಲದು ಕೈಯಾಗ ಕೊಡ್ಲ್ಯಾ?"

...

"...ನೀನಽ ಸುಲಕೋತಿ."

ನೂತನಬಾಯಿ ಒಲೆ ಆರಿಸಿದರು. ಆ ಕಡೆ ಅತ್ತಿಗೆ ಏನೋ ಸಮಜಾಯಿಷಿ ಹೇಳುತ್ತಿದ್ದಳು, ಅಣ್ಣ ಅದರ ಮೇಲೆ ಇನ್ನೊಂದು ಹೇಳುತ್ತಿದ್ದ. ಕರೆಂಟು ಇನ್ನೂ ಬಂದಿರಲಿಲ್ಲ. ಹೂಂ ಅಂದರೆ ನಾಳೆ ತುತ್ತು ಕೈಗೆ ಬರುತ್ತದೆ. ಎರಡು ಬಾಳೆಹಣ್ಣು ಮುಂದಿಟ್ಟು, ಅವನು ಸುಲಿದುಕೊಳ್ಳುವುದನ್ನು ನೋಡುತ್ತ ಕುಳಿತುಕೊಳ್ಳಬೇಕು, ಅಷ್ಟೇ. ಅಷ್ಟನ್ನು ತಾನು ನುಂಗಬಲ್ಲೆನೇ ಎಂದು ಅವರು ಪ್ರಾಮಾಣಿಕವಾಗಿ ತಮ್ಮನ್ನೇ ಕೇಳಿಕೊಂಡರು. ಪರಾತದ ಹಿಟ್ಟನ್ನು ತಿರುಗಿ ಡಬ್ಬಿಗೆ ಸುರಿದರು.

"...ಬರಬ್ಯಾಡ ಅಣ್ಣಾ. ನಾನೂ ಬರೂದಿಲ್ಲ."

"...ಸಿಟ್ಟಿಲ್ಲ. ಖರೇನಽ ಸಿಟ್ಟಿಲ್ಲ. ಆ ತುತ್ತು ನನಗ ಎಷ್ಟು ಬೇಕಾಗಿತ್ತು ಅನ್ನೂದು ನಿನಗ ಗೊತ್ತಿಲ್ಲ. ಈಗ ಕಾಕಾ ಹೇಳಿದಾಗ ನಾ ಮನಸಿನಾಗ ಸೀರಿ ಸೈತ ಆರಿಸಿಟ್ಟಿದ್ನಿ... ಇಲ್ಲ, ಒಲ್ಲೆ. ವೈನಿ, ನೀನೂ ಹೇಳಬ್ಯಾಡ."

"...ಕೇಳು. ನನ್ನ ಕೈ ಕಂಡ್ರ ನಿನಗ ಹೇಸಿಕಿ ಬರತೈತಿ ಅನ್ನೂದು ನನಗ ಹೊಸಾದಲ್ಲ. ಅದಕ್ಕ ಎಷ್ಟು ಅಳಬೇಕೋ ಅಷ್ಟು ಅತ್ತು ಮುಗಿಸೀನಿ. ಇವತ್ತು ನಿನ್ನ ಬಾಗಲಾ ನೆನಸ್ಕೊಂಡ್ರ ನನಗಽ ಹೇಸಿಕಿ ಬರಾಕತ್ತೈತಿ. ಅಲ್ಲಿ ನಿಂತು ನಾ ಮಹಾರಾಜರ ಬೊಗಸ್ಯಾಗ ಏನು ಇಡ್ಲಿ?... ಇದಽ ಕೈಯಿಂದ?"

"...ಈ ಜನ್ಮದಾಗ ನನಗ ಆ ತುತ್ತು ಇಲ್ಲ ಅಂತಾತು. ಇರಲಿ... ಹಲೋ? ಅಣ್ಣಾ?... ಕಾಕಾ, ನೀವರೇ ಅದೀರ್ಯಾ? ಮಹಾರಾಜರಿಗೆ ನಂದೊಂದು ನಮೋಸ್ತು ಹೇಳ್ರಿ, ದೂರಿಂದ. ಹೇಳ್ರಿ, ನೂತನ—"

ಆ ಕಡೆಯಿಂದ ಲೈನು ಕಟ್ಟಾಯಿತು.